ಬೆರಳಿಗೆ ಕಲಿಸಿದರೆ ಸಾಲದು



ಕೆಲವು ತಿಂಗಳ ಹಿಂದೆ ನಮ್ಮ ಧರ್ಮಕೇಂದ್ರದ ಅಜ್ಜಿಯೊಬ್ಬರು ಪಟ್ಟಣದ ಆಸ್ಪತ್ರೆಯಲ್ಲಿ ಒಂದು ವಾರವಿದ್ದು ಮನೆಗೆ ಮರಳಿದ್ದರು. ಪರಮಪ್ರಸಾದ ತೆಗೆದುಕೊಂಡು ಅವರ ಮನೆಗೆ ಹೋಗಿದ್ದೆ. ಪ್ರಾರ್ಥನೆ ಮುಗಿದ ಮೇಲೆ, "ಆಸ್ಪತ್ರೆಯಲ್ಲಿ ಚೆನ್ನಾಗಿ ನೋಡಿಕೊಂಡರಾ ಅಜ್ಜಿ?" ಎಂದು ಕೇಳಿದೆ. ಅವರು ತಟ್ಟನೆ ಹೇಳಿದರು: "ನೋಡ್ಕೊಂಡ್ರು ಸ್ವಾಮಿ, ಔಷಧಿ ಎಲ್ಲಾ ಹೊತ್ತಿಗೆ ಸರಿಯಾಗಿ ಕೊಟ್ರು. ಆದ್ರೆ ಆ ಚಿಕ್ಕ ಡಾಕ್ಟ್ರು ನನ್ನ ಮುಖಾನೇ ನೋಡ್ಲಿಲ್ಲ. ನಾನು ಮಾತಾಡ್ತಾ ಇದ್ರೆ ಅವ್ರು ಟಿ.ವಿ. ನೋಡ್ತಾ ಟಕಟಕ ಅಂತ ಒತ್ತುತಾ ಇದ್ರು." ಅಜ್ಜಿ ಟಿ.ವಿ. ಎಂದದ್ದು ಕಂಪ್ಯೂಟರಿಗೆ.

ನಾವೆಲ್ಲ ನಕ್ಕೆವು. ಆದರೆ ಆ ನಗು ಹೆಚ್ಚು ದಿನ ಉಳಿಯಲಿಲ್ಲ. ಮೂರು ವಾರ ಕಳೆದ ಮೇಲೆ ಅಜ್ಜಿಯ ಕಾಲಿನ ಗಾಯ ಕೀವು ತುಂಬಿ ಊದಿಕೊಂಡಿತು. ಮಗ ಅವರನ್ನು ಹತ್ತಿರದ ಇನ್ನೊಂದು ಆಸ್ಪತ್ರೆಗೆ ಕರೆದೊಯ್ದು, ಮೊದಲ ಆಸ್ಪತ್ರೆಯ ಡಿಸ್ಚಾರ್ಜ್ ಚೀಟಿಯನ್ನು ಮುಂದಿಟ್ಟ. ಅದರಲ್ಲಿ ಅಂದವಾದ ಅಕ್ಷರಗಳಲ್ಲಿ ಅಚ್ಚಾಗಿತ್ತು: ಅಲರ್ಜಿ ಯಾವುದೂ ಇಲ್ಲ. ಇಂಜೆಕ್ಷನ್ ಸಿದ್ಧವಾಯಿತು. ಸೂಜಿ ಚುಚ್ಚುವ ಮುನ್ನ ಅಲ್ಲಿದ್ದ ನರ್ಸ್ ಅಜ್ಜಿಯ ಮುಖ ನೋಡಿ, "ಅಜ್ಜೀ, ಈ ಮೊದಲು ಯಾವುದಾದರೂ ಸೂಜಿ ನಿಮಗೆ ಒಗ್ಗದೆ ಹೋಗಿತ್ತಾ?" ಎಂದು ಕೇಳಿದರು. "ಪೆನಿಸಿಲಿನ್ ಒಗ್ಗಲ್ಲಮ್ಮಾ. ಹಿಂದೆ ಒಂದ್ಸಲ ಕೊಟ್ಟಾಗ ಮುಖ ಊದಿ ಉಸಿರು ಕಟ್ಟಿ ಸಾಯೋ ಹಂಗಾಗಿತ್ತು. ಆ ಡಾಕ್ಟ್ರಿಗೂ ಎರಡು ಸಲ ಹೇಳಿದ್ದೆ" ಎಂದರು ಅಜ್ಜಿ. ಸಿದ್ಧವಾಗಿದ್ದ ಔಷಧಿ ಆ ಬಳಗದ್ದೇ ಆಗಿತ್ತು. ನರ್ಸ್ ಅದನ್ನು ಹಾಗೆಯೇ ಟ್ರೇಯಲ್ಲಿ ಹಿಂದಕ್ಕಿಟ್ಟರು.

ಅಜ್ಜಿ ಎರಡು ಸಲ ಹೇಳಿದ್ದ ಮಾತು ಚೀಟಿಯಲ್ಲಿ ಇಲ್ಲದೆ, ಅದರ ತದ್ವಿರುದ್ಧ ಮಾತು ಅಲ್ಲಿ ಹೇಗೆ ಬಂತು? ನಮ್ಮ ಧರ್ಮಕೇಂದ್ರದ ಹುಡುಗಿಯೊಬ್ಬಳು ಬೇರೊಂದು ಊರಿನಲ್ಲಿ ಎಂ.ಬಿ.ಬಿ.ಎಸ್. ಮುಗಿಸಿ ಹೌಸ್ ಸರ್ಜನ್ ಆಗಿದ್ದಾಳೆ. ರಜೆಗೆ ಬಂದಾಗ ಅವಳನ್ನು ಕೇಳಿದೆ. ಅವಳು ತಲೆ ತಗ್ಗಿಸಿ ಹೇಳಿದಳು: "ಫಾದರ್, ಹಿಂದಿನ ರೋಗಿಯ ಚೀಟಿಯನ್ನೇ ಕಾಪಿ ಮಾಡಿ, ಹೆಸರು, ವಯಸ್ಸು, ಕಾಯಿಲೆ ಬದಲಾಯಿಸುತ್ತೇವೆ. ರಾತ್ರಿಯೆಲ್ಲ ಡ್ಯೂಟಿ ಮಾಡಿ ಬೆಳಿಗ್ಗೆ ಹತ್ತು ಡಿಸ್ಚಾರ್ಜ್ ಬರೆಯಬೇಕಾದಾಗ ಒಂದೆರಡು ಸಾಲು ಹಾಗೆಯೇ ಉಳಿದುಬಿಡುತ್ತವೆ. ನಾನೂ ಹಾಗೆ ಮಾಡಿದ್ದೇನೆ."

ಅವಳನ್ನು ಗದರಿಸುವ ಯೋಗ್ಯತೆ ನನಗಿರಲಿಲ್ಲ. ಮದುವೆಯ ಪ್ರಕಟಣೆಯನ್ನು ಕಂಪ್ಯೂಟರಿನಲ್ಲಿ ಸಿದ್ಧಪಡಿಸುವಾಗ ಹಿಂದಿನ ವಾರದ ವಧುವಿನ ಹೆಸರನ್ನು ಹಾಗೆಯೇ ಬಿಟ್ಟು, ಭಾನುವಾರ ಇಡೀ ದೇವಾಲಯವೇ ನಗುವಂತೆ ಮಾಡಿದವನು ನಾನು. ನನ್ನ ತಪ್ಪಿಗೆ ಜನ ನಕ್ಕರು. ವೈದ್ಯರ ಅದೇ ತಪ್ಪಿಗೆ ಒಂದು ಮನೆಯ ದೀಪವೇ ಆರಿಹೋಗಬಹುದು.

ಹಾಗಾದರೆ, ವೈದ್ಯಕೀಯ ವಿದ್ಯಾರ್ಥಿಗೆ ಕಂಪ್ಯೂಟರ್ ಕಲಿಸುವುದೆಂದರೆ ಟೈಪಿಂಗ್ ಕಲಿಸಿದ ಹಾಗೆ ಬರಿಯ ಕೈಕೆಲಸವೇ? ಅಥವಾ ಅದು ಒಳಿತು ಕೆಡುಕಿನ, ಅಂದರೆ ನೀತಿಯ ವಿಷಯವೇ? ನಮ್ಮ ಎಷ್ಟೋ ಕುಟುಂಬಗಳ ಮಕ್ಕಳು ಇಂದು ವೈದ್ಯಕೀಯ, ನರ್ಸಿಂಗ್, ಫಾರ್ಮಸಿ ಓದುತ್ತಿದ್ದಾರೆ. ನಾವೆಲ್ಲರೂ ಒಂದಲ್ಲ ಒಂದು ದಿನ ರೋಗಿಗಳಾಗುವವರೇ. ಆದ್ದರಿಂದ ಈ ಪ್ರಶ್ನೆ ಕಾಲೇಜಿನ ನಾಲ್ಕು ಗೋಡೆಗಳಿಗೆ ಮಾತ್ರ ಸೇರಿದ್ದಲ್ಲ.

ಕಲಿಯದಿರುವುದೂ ತಪ್ಪೇ

"ಹಿಂದಿನ ಡಾಕ್ಟರು ನಾಡಿ ಹಿಡಿದೇ ಕಾಯಿಲೆ ಹೇಳುತ್ತಿದ್ದರು, ಈ ಕಂಪ್ಯೂಟರ್ ಯಾಕೆ ಬೇಕಿತ್ತು?" ಎಂದು ಕೇಳುವವರುಂಟು. ಅಜ್ಜಿಯ ಕಥೆ ಕೇಳಿದವರಿಗೆ ಹಾಗನ್ನಿಸುವುದು ಸಹಜ. ಆದರೆ ಸ್ವಲ್ಪ ಯೋಚಿಸಿ. ಅಜ್ಜಿ ಪ್ರಜ್ಞೆ ತಪ್ಪಿದ ಸ್ಥಿತಿಯಲ್ಲಿ ಆ ಎರಡನೆಯ ಆಸ್ಪತ್ರೆಗೆ ಬಂದಿದ್ದರೆ? ಆಗ ನರ್ಸಿನ ಪ್ರಶ್ನೆಗೆ ಉತ್ತರಿಸುವವರು ಯಾರು? ಚೀಟಿಯಲ್ಲಿ ಸರಿಯಾಗಿ ದಾಖಲಾದ ಒಂದು ಸಾಲು ಮಾತ್ರ ಅವರನ್ನು ಕಾಪಾಡಬಹುದಿತ್ತು. ರೋಗಿಯ ಬಾಯಿ ಮುಚ್ಚಿದಾಗ ಅವನ ಪರವಾಗಿ ಮಾತನಾಡುವುದೇ ದಾಖಲೆಯ ಕೆಲಸ.

ವೈದ್ಯವಿದ್ಯೆ ಎಂದೂ ಒಬ್ಬನ ತಲೆಯಲ್ಲಿ ಹಿಡಿಸುವಷ್ಟು ಚಿಕ್ಕದಾಗಿರಲಿಲ್ಲ. 1879ರಲ್ಲಿಯೇ ಅಮೆರಿಕದ ಜಾನ್ ಶಾ ಬಿಲ್ಲಿಂಗ್ಸ್ ಎಂಬ ಸೇನಾ ವೈದ್ಯರು, ಜಗತ್ತಿನ ವೈದ್ಯಕೀಯ ಪತ್ರಿಕೆಗಳಲ್ಲಿ ಬರುವ ಲೇಖನಗಳನ್ನು ವಿಷಯವಾರು ಪಟ್ಟಿ ಮಾಡುವ 'ಇಂಡೆಕ್ಸ್ ಮೆಡಿಕಸ್' ಆರಂಭಿಸಿದರು. ಆ ದಪ್ಪ ಸಂಪುಟಗಳ ಕೆಲಸವನ್ನು 1971ರಿಂದ 'ಮೆಡ್‌ಲೈನ್' ಎಂಬ ಗಣಕ ವ್ಯವಸ್ಥೆ ಹೊತ್ತುಕೊಂಡಿತು. 1997ರಲ್ಲಿ ಅದು 'ಪಬ್‌ಮೆಡ್' ಎಂಬ ಹೆಸರಿನಲ್ಲಿ ಎಲ್ಲರಿಗೂ ಉಚಿತವಾಗಿ ತೆರೆದುಕೊಂಡಿತು. ನಮ್ಮ ರಾಜ್ಯದಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯವು 2003ರಲ್ಲಿ 'ಹೆಲಿನೆಟ್' ಎಂಬ ವ್ಯವಸ್ಥೆಯನ್ನು ಆರಂಭಿಸಿ, ತನ್ನ ಕಾಲೇಜುಗಳಿಗೆ ದುಬಾರಿ ಪತ್ರಿಕೆಗಳನ್ನು ಕಂಪ್ಯೂಟರಿನ ಮೂಲಕ ಒದಗಿಸತೊಡಗಿತು. ದೂರದ ಊರಿನ ಕಾಲೇಜಿನ ಹುಡುಗನೂ ಬೆಂಗಳೂರಿನ ಹುಡುಗ ಓದುವುದನ್ನೇ ಓದುವಂತಾಯಿತು.

ಈ ಶತಮಾನದ ಆರಂಭದ ವರ್ಷಗಳಲ್ಲಿ ಇಸ್ರೋ ಸಂಸ್ಥೆಯ ಉಪಗ್ರಹದ ನೆರವಿನಿಂದ ಚಾಮರಾಜನಗರದ ಜಿಲ್ಲಾಸ್ಪತ್ರೆಯೂ ಸರಗೂರಿನ ವಿವೇಕಾನಂದ ಸ್ಮಾರಕ ಆಸ್ಪತ್ರೆಯೂ ಬೆಂಗಳೂರಿನ ನಾರಾಯಣ ಹೃದಯಾಲಯದೊಂದಿಗೆ ಜೋಡಣೆಯಾದವು. ಎದೆನೋವೆಂದು ಬಂದ ರೈತನ ಇ.ಸಿ.ಜಿ.ಯನ್ನು ಬೆಂಗಳೂರಿನ ಹೃದಯತಜ್ಞರು ಅಲ್ಲಿಂದಲೇ ನೋಡುವಂತಾಯಿತು. ಕ್ಷಯರೋಗಿಗಳ ಚಿಕಿತ್ಸೆ ನಡುವೆ ನಿಂತುಹೋಗದಂತೆ ನಿಗಾ ಇಡುವ 'ನಿಕ್ಷಯ್' ಜಾಲತಾಣ 2012ರಲ್ಲಿ ಬಂದಿತು. 2021ರಲ್ಲಿ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ ದೇಶದಾದ್ಯಂತ ಆರಂಭವಾಗಿ, ನಮ್ಮಲ್ಲಿ ಅನೇಕರ ಬಳಿ 14 ಅಂಕಿಗಳ 'ಆಭಾ' ಸಂಖ್ಯೆ ಇದೆ. ಇವೆಲ್ಲ ಸರಿಯಾಗಿ ನಡೆದರೆ ಹೆಚ್ಚಿನ ಲಾಭ ಯಾರಿಗೆ? ದೊಡ್ಡ ಡಾಕ್ಟರನ್ನು ಹುಡುಕಿಕೊಂಡು ಕಾರಿನಲ್ಲಿ ಹೋಗಲಾರದ ಬಡವನಿಗೆ.

ಸಂತ ತೋಮಸ್ ಅಕ್ವಿನಾಸರು ಅಜ್ಞಾನದ ಬಗ್ಗೆ ಬರೆಯುತ್ತಾ ಒಂದು ಸೂಕ್ಷ್ಮವನ್ನು ಎತ್ತಿ ತೋರಿಸುತ್ತಾರೆ. ತಿಳಿಯದಿರುವುದೆಲ್ಲವೂ ತಪ್ಪಲ್ಲ, ಆದರೆ ತನ್ನ ಕರ್ತವ್ಯಕ್ಕೆ ಅಗತ್ಯವಾದುದನ್ನು ತಿಳಿಯಬಹುದಾಗಿದ್ದೂ ಅಲಕ್ಷ್ಯದಿಂದ ತಿಳಿಯದೆ ಉಳಿದರೆ ಅದು ದೋಷವೇ. ರೈತನಿಗೆ ಪಬ್‌ಮೆಡ್ ಗೊತ್ತಿಲ್ಲದಿದ್ದರೆ ಯಾವ ದೋಷವೂ ಇಲ್ಲ. ವೈದ್ಯನು ಹೊಸ ಔಷಧಿಯ ಅಪಾಯವನ್ನು ಹುಡುಕಿ ನೋಡಲು ಬಾರದೆ, ಕಂಪನಿಯ ಪ್ರತಿನಿಧಿ ಹೇಳಿದ್ದನ್ನೇ ನಂಬಿ ಬರೆದುಕೊಟ್ಟರೆ ದೋಷವಿದೆ. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ. "ಈ ಕಂಪ್ಯೂಟರ್ ನಮಗೆ ಆಗಿಬರುವುದಿಲ್ಲ" ಎನ್ನುವ ವೈದ್ಯರ ಮಾತು ಎಷ್ಟೋ ಸಲ ಆ ಗಾದೆಯ ಮಾತೇ ಆಗಿರುತ್ತದೆ.

ಇನ್ನೊಂದು ಸಂಗತಿ. 2002ರಲ್ಲಿ ಭಾರತೀಯ ವೈದ್ಯಕೀಯ ಮಂಡಳಿಯು ವೈದ್ಯರಿಗಾಗಿ ಹೊರಡಿಸಿದ ನೀತಿಸಂಹಿತೆಯಲ್ಲಿಯೇ, ದಾಖಲೆಗಳು ಬೇಗ ಸಿಗುವಂತೆ ಅವನ್ನು ಕಂಪ್ಯೂಟರಿಗೆ ಅಳವಡಿಸಲು ಪ್ರಯತ್ನಿಸಬೇಕು ಎಂಬ ಸೂಚನೆ ಇತ್ತು. ಆಸ್ಪತ್ರೆಗೆ ಬೇಕಾದ ಸಾಮಾನುಗಳ ಪಟ್ಟಿಯಲ್ಲಿ ಬರಬಹುದಾಗಿದ್ದ ಮಾತು ನೀತಿಯ ಪಾಠದಲ್ಲಿ ಬಂದಿತ್ತು ಎಂಬುದನ್ನು ಗಮನಿಸಿ.

ಕೌಶಲ ಬೇರೆ, ವಿವೇಕ ಬೇರೆ

"ನಮ್ಮ ಮಗನಿಗೆ ಮೊಬೈಲ್, ಕಂಪ್ಯೂಟರ್ ಎಲ್ಲಾ ನೀರು ಕುಡಿದಷ್ಟು ಸುಲಭ ಫಾದರ್, ಅವನಿಗೇನು ಕಲಿಸುವುದು?" ಎನ್ನುವ ತಂದೆತಾಯಿಗಳಿದ್ದಾರೆ. ನಾನು ಗುರುಮಠದಲ್ಲಿದ್ದಾಗ ಕಂಪ್ಯೂಟರ್ ಕೋಣೆಗೆ ಚಪ್ಪಲಿ ಹೊರಗೆ ಬಿಟ್ಟು, ಗರ್ಭಗುಡಿಗೆ ಹೋದಷ್ಟು ಭಯಭಕ್ತಿಯಿಂದ ಹೋಗುತ್ತಿದ್ದೆವು. ಇಂದಿನ ಮಕ್ಕಳಿಗೆ ಆ ಭಯವಿಲ್ಲ; ಒಳ್ಳೆಯದೇ. ಆದರೆ ಬೆರಳು ಓಡುವುದೇ ಬೇರೆ, ಬುದ್ಧಿ ಓಡುವುದೇ ಬೇರೆ.

ತತ್ವಶಾಸ್ತ್ರದ ತರಗತಿಯಲ್ಲಿ ನಮಗೆ ಕಲಿಸಿದ ಒಂದು ವ್ಯತ್ಯಾಸ ಇಲ್ಲಿ ನೆರವಿಗೆ ಬರುತ್ತದೆ. ಅರಿಸ್ಟಾಟಲನೂ ಅವನನ್ನು ಅನುಸರಿಸಿ ಅಕ್ವಿನಾಸರೂ ಕೌಶಲ ಮತ್ತು ವಿವೇಕ ಇವೆರಡನ್ನು ಬಿಡಿಸಿ ಹೇಳುತ್ತಾರೆ. ಕೌಶಲವು ಮಾಡಿದ ವಸ್ತುವನ್ನು ಚೆನ್ನಾಗಿಸುತ್ತದೆ. ವಿವೇಕವು ಮಾಡುವ ಮನುಷ್ಯನ ನಡೆಯನ್ನು ಚೆನ್ನಾಗಿಸುತ್ತದೆ. ಬಡಗಿಯ ಕುರ್ಚಿ ಚೆನ್ನಾಗಿದ್ದರೆ ಅವನು ಕುಶಲಿ. ಅದಕ್ಕಾಗಿ ಅವನು ಸಜ್ಜನನಾಗಿರಬೇಕೆಂದಿಲ್ಲ. ಆದರೆ ಈ ಗಳಿಗೆಯಲ್ಲಿ, ಈ ಮನುಷ್ಯನಿಗೆ, ಯಾವುದು ಸರಿ ಎಂದು ಕಾಣುವುದು ವಿವೇಕ. ಅಜ್ಜಿಯ ಚೀಟಿ ಕೌಶಲದ ದೃಷ್ಟಿಯಿಂದ ಬಲು ಅಚ್ಚುಕಟ್ಟಾಗಿತ್ತು. ಅದರಲ್ಲಿ ವಿವೇಕ ಮಾತ್ರ ಇರಲಿಲ್ಲ.

ಇದು ಎಷ್ಟು ಘೋರವಾಗಬಲ್ಲದು ಎಂಬುದಕ್ಕೆ ಒಂದು ನಿಜ ಘಟನೆ ಹೇಳುತ್ತೇನೆ. ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ನೀಡುವ, ಕಂಪ್ಯೂಟರಿನಿಂದ ನಡೆಯುವ 'ಥೆರಾಕ್-25' ಎಂಬ ಯಂತ್ರವಿತ್ತು. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾಗಳಲ್ಲಿ ಆ ಯಂತ್ರವು ಆರು ಮಂದಿಗೆ ನಿಗದಿಗಿಂತ ಅತಿ ಹೆಚ್ಚಿನ ವಿಕಿರಣ ಕೊಟ್ಟಿತು. ಅವರಲ್ಲಿ ಕೆಲವರು ಪ್ರಾಣ ಕಳೆದುಕೊಂಡರು. 1986ರ ಮಾರ್ಚಿನಲ್ಲಿ ಟೆಕ್ಸಾಸಿನ ಟೈಲರ್ ಪಟ್ಟಣದಲ್ಲಿ ಅದನ್ನು ನಡೆಸುತ್ತಿದ್ದಾಕೆ ಒಳ್ಳೆಯ ಅನುಭವಿ. ಒಂದು ಅಕ್ಷರ ತಪ್ಪಾಗಿ ಒತ್ತಿ, ಕೂಡಲೇ ಸರಸರನೆ ತಿದ್ದಿದಳು. ಅಷ್ಟು ಬೇಗ ತಿದ್ದಿದರೆ ಯಂತ್ರದ ಒಳಗಿನ ತಂತ್ರಾಂಶ ತಪ್ಪುವುದೆಂದು ಯಾರಿಗೂ ಗೊತ್ತಿರಲಿಲ್ಲ. ಪರದೆಯ ಮೇಲೆ 'ದೋಷ 54' ಎಂದು ಬಂತು. ಅಂಥ ಸಂಕೇತಗಳು ಆ ಯಂತ್ರದಲ್ಲಿ ದಿನನಿತ್ಯವೂ ಬರುತ್ತಿದ್ದವು. ಅವುಗಳ ಅರ್ಥವೇನೆಂದು ಕೈಪಿಡಿಯಲ್ಲಿ ವಿವರಿಸಿರಲಿಲ್ಲ. ವಿಕಿರಣ ಹೋದದ್ದು ತೀರ ಕಡಿಮೆ ಎಂದು ಪರದೆ ತೋರಿಸುತ್ತಿತ್ತು. ಆಕೆ ಎಂದಿನಂತೆ 'ಮುಂದುವರಿಸು' ಎಂಬ ಕೀಲಿ ಒತ್ತಿದಳು. ಒಳಗಿದ್ದ ರೋಗಿ ಮೊದಲ ಏಟಿಗೇ ಸುಟ್ಟ ನೋವಿನಿಂದ ಏಳಲು ಹೊರಟಿದ್ದ. ಅಷ್ಟರಲ್ಲಿ ಎರಡನೆಯದೂ ಬಿತ್ತು. ಒಳಗಿನದನ್ನು ತೋರಿಸುವ ಕ್ಯಾಮೆರಾ ಮತ್ತು ಮಾತು ಕೇಳಿಸುವ ಉಪಕರಣ ಎರಡೂ ಅಂದು ಕೆಲಸ ಮಾಡುತ್ತಿರಲಿಲ್ಲ. ಅವನು ಎದ್ದು ಬಂದು ಬಾಗಿಲು ಬಡಿದಾಗಲೇ ಹೊರಗಿನವರಿಗೆ ತಿಳಿದದ್ದು. ಐದು ತಿಂಗಳಲ್ಲಿ ಅವನು ತೀರಿಕೊಂಡ.

ಆ ಹೆಣ್ಣುಮಗಳು ಕೆಟ್ಟವಳಲ್ಲ, ದಡ್ಡಿಯೂ ಅಲ್ಲ. ಮುಂದಿನ ತಿಂಗಳು ಅದೇ ಆಸ್ಪತ್ರೆಯಲ್ಲಿ ಮತ್ತೊಬ್ಬರಿಗೆ ಹೀಗೆಯೇ ಆದಾಗ, ಅಲ್ಲಿನ ಭೌತವಿಜ್ಞಾನಿಯೊಡನೆ ಕುಳಿತು, ತಾನು ಅಂದು ಒತ್ತಿದ ಕೀಲಿಗಳನ್ನು ಅದೇ ವೇಗದಲ್ಲಿ ಮತ್ತೆ ಮತ್ತೆ ಒತ್ತಿ, ದೋಷವನ್ನು ಹೊರಗೆಡವಲು ನೆರವಾದವಳೂ ಅವಳೇ. ತಯಾರಕರು ಆಗುವುದಿಲ್ಲ ಎಂದು ನಂಬಿದ್ದನ್ನು ಆಗುತ್ತದೆ ಎಂದು ತೋರಿಸಿದವರು ಅವರಿಬ್ಬರು.

ಈ ಘಟನೆಯನ್ನು ಪ್ರತಿಯೊಬ್ಬ ವೈದ್ಯಕೀಯ ವಿದ್ಯಾರ್ಥಿಗೂ ಕಂಪ್ಯೂಟರ್ ಪಾಠದ ಮೊದಲ ದಿನವೇ ಹೇಳಬೇಕು ಎಂದು ನನಗನಿಸುತ್ತದೆ. ಯಂತ್ರ "ಕಡಿಮೆ ಕೊಟ್ಟೆ" ಎನ್ನುತ್ತದೆ; ರೋಗಿ "ಸುಟ್ಟುಹೋದೆ" ಎನ್ನುತ್ತಾನೆ. ಯಾರನ್ನು ನಂಬುವಿರಿ? ಎಚ್ಚರಿಕೆಯ ಸಂದೇಶವನ್ನು ಓದದೆ 'ಸರಿ, ಸರಿ' ಎಂದು ಒತ್ತುತ್ತಾ ಹೋಗುವ ಅಭ್ಯಾಸ ನಮಗೆಲ್ಲರಿಗೂ ಇದೆ. ಬ್ಯಾಂಕಿನ ಫಾರಂನಲ್ಲಿ ಹಾಗೆ ಮಾಡಿದರೆ ಹಣ ಹೋಗಬಹುದು. ಔಷಧಿಯ ಪಟ್ಟಿಯಲ್ಲಿ ಹಾಗೆ ಮಾಡಿದರೆ ಮನುಷ್ಯನೇ ಹೋಗುತ್ತಾನೆ. ಕಂಪ್ಯೂಟರ್ ಶಿಕ್ಷಣದಲ್ಲಿ ಎಲ್ಲಿ ಒತ್ತಬೇಕೆಂಬುದು ಅರ್ಧ ಪಾಠ; ಎಲ್ಲಿ ಒತ್ತದೆ ಕೈ ತಡೆಯಬೇಕೆಂಬುದು ಉಳಿದರ್ಧ.

ಯಂತ್ರ ಕಾಣದ ಬಡವ

ಕೆಲವೊಮ್ಮೆ ಯಂತ್ರ ಕೆಟ್ಟಿರುವುದಿಲ್ಲ. ಅದಕ್ಕೆ ಕೊಟ್ಟ ಲೆಕ್ಕವೇ ಡೊಂಕಾಗಿರುತ್ತದೆ. ಅಮೆರಿಕದಲ್ಲಿ ಯಾವ ರೋಗಿಗಳಿಗೆ ಹೆಚ್ಚಿನ ಆರೈಕೆ ಬೇಕು ಎಂದು ಆರಿಸಲು ಆಸ್ಪತ್ರೆಗಳು ಬಳಸುತ್ತಿದ್ದ ಒಂದು ಗಣಕ ಸೂತ್ರವನ್ನು ಸಂಶೋಧಕರು ಪರಿಶೀಲಿಸಿ, 2019ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟಿಸಿದರು. ಆ ಸೂತ್ರವು ಕಾಯಿಲೆಯನ್ನು ಅಳೆಯುವ ಬದಲು ಚಿಕಿತ್ಸೆಗೆ ಆದ ಖರ್ಚನ್ನು ಅಳೆಯುತ್ತಿತ್ತು. ಹೆಚ್ಚು ಖರ್ಚಾದವರು ಹೆಚ್ಚು ರೋಗಿಗಳು ಎಂಬುದು ಅದರ ಎಣಿಕೆ. ಕಪ್ಪು ಜನಾಂಗದವರಿಗೆ ಅಷ್ಟೇ ಕಾಯಿಲೆ ಇದ್ದರೂ ಅವರಿಗಾಗಿ ಆಗುತ್ತಿದ್ದ ಖರ್ಚು ಕಡಿಮೆ. ಆದ್ದರಿಂದ ಸೂತ್ರದ ಕಣ್ಣಿಗೆ ಅವರು ಆರೋಗ್ಯವಂತರಾಗಿ ಕಂಡರು!

ಇದನ್ನು ನಮ್ಮ ಊರಿಗೆ ತಂದು ನೋಡಿ. ಬಸ್ಸಿನ ಹಣವಿಲ್ಲದೆ, ಕೂಲಿ ತಪ್ಪುತ್ತದೆಂದು ಆಸ್ಪತ್ರೆಗೇ ಹೋಗದ ತಾಯಿಯ ಹೆಸರಿನಲ್ಲಿ ಯಾವ ದಾಖಲೆ ಇರುತ್ತದೆ? ಏನೂ ಇರುವುದಿಲ್ಲ. ಕಂಪ್ಯೂಟರ್ ಅವಳನ್ನು "ಯಾವ ಕಾಯಿಲೆಯೂ ಇಲ್ಲದವಳು" ಎಂದು ಓದಬಹುದು. ದಾಖಲೆ ಇಲ್ಲದಿರುವುದು ಬೇರೆ, ನೋವು ಇಲ್ಲದಿರುವುದು ಬೇರೆ ಎಂಬುದನ್ನು ಯಂತ್ರ ತಾನಾಗಿ ಅರಿಯಲಾರದು. ಅದನ್ನು ಅರಿಯಬೇಕಾದವನು ಯಂತ್ರದ ಮುಂದೆ ಕುಳಿತ ವೈದ್ಯ. ಈ ಯಂತ್ರ ಏನನ್ನು ಎಣಿಸುತ್ತದೆ, ಯಾರನ್ನು ಎಣಿಸುವುದಿಲ್ಲ ಎಂದು ಕೇಳುವುದನ್ನೂ ವಿದ್ಯಾರ್ಥಿಗೆ ಕಲಿಸಬೇಕು. ಇದು ನ್ಯಾಯದ ಪ್ರಶ್ನೆ.

ನೆನಪು ಮತ್ತು ಗುಟ್ಟು

ಪ್ಲೇಟೋ ತನ್ನ 'ಫೀಡ್ರಸ್' ಎಂಬ ಸಂವಾದದಲ್ಲಿ ಈಜಿಪ್ಟಿನ ಒಂದು ಕಥೆ ಹೇಳಿಸುತ್ತಾನೆ. ಬರವಣಿಗೆಯನ್ನು ಕಂಡುಹಿಡಿದ ದೇವತೆ ಅದನ್ನು ರಾಜನಿಗೆ ತೋರಿಸಿ, ಇದು ನೆನಪಿಗೆ ಮದ್ದು ಎಂದು ಹೊಗಳಿಕೊಂಡಿತು. ರಾಜ ಒಪ್ಪಲಿಲ್ಲ. ಜನ ಹೊರಗಿನ ಗುರುತುಗಳನ್ನು ನೆಚ್ಚಿ ಒಳಗಿನ ನೆನಪನ್ನು ಕಳೆದುಕೊಳ್ಳುತ್ತಾರೆ, ತಿಳಿಯದಿದ್ದರೂ ತಿಳಿದವರಂತೆ ಕಾಣುತ್ತಾರೆ ಎಂದನಂತೆ. ಬರವಣಿಗೆ ಬಂದು ಲೋಕವೇನೂ ಹಾಳಾಗಲಿಲ್ಲ. ಆ ಕಥೆ ಉಳಿದದ್ದೂ ಪ್ಲೇಟೋ ಅದನ್ನು ಬರೆದದ್ದರಿಂದಲೇ. ಆದರೂ ರಾಜನ ಎಚ್ಚರಿಕೆಯಲ್ಲಿ ಹುರುಳಿದೆ.

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಈ ಎಚ್ಚರಿಕೆ ಮತ್ತಷ್ಟು ಹತ್ತಿರವಾಗಿದೆ. ಪ್ರಶ್ನೆ ಕೇಳಿದ ಕ್ಷಣದಲ್ಲಿ ಅದು ತಜ್ಞನ ಧಾಟಿಯಲ್ಲಿ ಉತ್ತರ ಕೊಡುತ್ತದೆ. ಕೆಲವೊಮ್ಮೆ ಎಲ್ಲಿಯೂ ಇಲ್ಲದ ಲೇಖನಗಳನ್ನೇ ಆಧಾರವೆಂದು ತೋರಿಸುತ್ತದೆ. ಒಳ್ಳೆಯ ಯಂತ್ರವೂ ನಮ್ಮನ್ನು ಮಂಕಾಗಿಸಬಹುದು. ಪೋಲೆಂಡಿನ ನಾಲ್ಕು ಕೇಂದ್ರಗಳಲ್ಲಿ ನಡೆದು 2025ರಲ್ಲಿ ಪ್ರಕಟವಾದ ಒಂದು ಅಧ್ಯಯನ ಹೀಗಿದೆ. ದೊಡ್ಡ ಕರುಳಿನಲ್ಲಿ ಮುಂದೆ ಕ್ಯಾನ್ಸರ್ ಆಗಬಹುದಾದ ಸಣ್ಣ ಗಂಟುಗಳನ್ನು ಗುರುತಿಸಲು ವೈದ್ಯರಿಗೆ ಕೃತಕ ಬುದ್ಧಿಮತ್ತೆಯ ನೆರವು ಒದಗಿಸಲಾಗಿತ್ತು. ಆ ನೆರವಿಗೆ ಒಗ್ಗಿಕೊಂಡ ಮೇಲೆ, ಅದಿಲ್ಲದೆ ಮಾಡಿದ ತಪಾಸಣೆಗಳಲ್ಲಿ ಗಂಟುಗಳು ಪತ್ತೆಯಾದ ಪ್ರಮಾಣ ಶೇಕಡಾ 28.4ರಿಂದ 22.4ಕ್ಕೆ ಇಳಿದಿತ್ತು. ಅವರು ಅನುಭವಿ ವೈದ್ಯರು. ಇನ್ನೂ ಕಣ್ಣು ಪಳಗದ ವಿದ್ಯಾರ್ಥಿಯ ಕೈಗೆ ಮೊದಲ ದಿನವೇ ಊರುಗೋಲು ಕೊಟ್ಟರೆ ಅವನು ನಡೆಯಲು ಕಲಿಯುವುದು ಯಾವಾಗ? ಮೊದಲು ತಾನು ನೋಡಿ, ಮುಟ್ಟಿ, ಯೋಚಿಸಿ ಒಂದು ತೀರ್ಮಾನಕ್ಕೆ ಬರಲಿ. ಆಮೇಲೆ ಯಂತ್ರವನ್ನು ಕೇಳಲಿ. ಈ ಕ್ರಮ ತಪ್ಪಿದರೆ ಕಲಿಕೆಯೇ ತಪ್ಪುತ್ತದೆ.

ಗುಟ್ಟಿನ ಮಾತನ್ನೂ ಹೇಳಬೇಕು. ಪಾಪನಿವೇದನೆಯಲ್ಲಿ ಕೇಳಿದ್ದನ್ನು ಪ್ರಾಣ ಹೋದರೂ ಬಾಯಿಬಿಡುವಂತಿಲ್ಲ ಎಂಬುದು ಗುರುಗಳಾದ ನಮಗೆ ಕಲಿಸಿದ ಮೊದಲ ಪಾಠಗಳಲ್ಲಿ ಒಂದು. ವೈದ್ಯರಿಗೂ ಅಂಥ ಒಂದು ಮಾತಿದೆ. ಹಿಪೊಕ್ರೆಟಿಸನ ಕಾಲದ ಪ್ರತಿಜ್ಞೆಯಿಂದಲೂ ರೋಗಿಯ ಗುಟ್ಟು ಕಾಯುವುದು ಅವರ ಧರ್ಮ. ಹಿಂದೆ ಗುಟ್ಟು ಹೊರಬೀಳಲು ಬಾಯಿ ತೆರೆಯಬೇಕಿತ್ತು. ಇಂದು ಹೆಬ್ಬೆರಳು ಸಾಕು. "ಎಂಥ ಅಪರೂಪದ ಕೇಸ್ ನೋಡ್ರೋ" ಎಂದು ಹೆಸರು ಕಾಣುವ ಎಕ್ಸ್‌ರೇಯನ್ನು ವಾಟ್ಸಾಪ್ ಗುಂಪಿಗೆ ಹಾಕುವ ವಿದ್ಯಾರ್ಥಿ ತಾನು ಕಲಿಯುತ್ತಿದ್ದೇನೆ ಎಂದುಕೊಂಡಿರುತ್ತಾನೆ. ಆ ಎಕ್ಸ್‌ರೇ ಮದುವೆಗೆ ನಿಂತ ಹುಡುಗಿಯದಾಗಿದ್ದರೆ? ಒಬ್ಬರ ಪಾಸ್‌ವರ್ಡಿನಲ್ಲಿ ಹತ್ತು ಮಂದಿ ಕೆಲಸ ಮಾಡುವ ಅಭ್ಯಾಸವೂ ಇಂಥದ್ದೇ. ತಪ್ಪಾದಾಗ ಮಾಡಿದವರಾರೆಂದು ತಿಳಿಯುವುದೇ ಇಲ್ಲ. ನಮ್ಮ ದೇಶ 2023ರಲ್ಲಿ ವೈಯಕ್ತಿಕ ಮಾಹಿತಿಯ ರಕ್ಷಣೆಗೆ ಕಾನೂನನ್ನೇ ಮಾಡಿತು. ಆದರೆ ಕಾನೂನು ಬಾಗಿಲ ಹೊರಗೆ ನಿಂತ ಪೊಲೀಸ್. ಒಳಗೆ ಕಾಯಬೇಕಾದದ್ದು ಮನಸ್ಸಾಕ್ಷಿ.

ಎರಡು ಭಾಷೆ, ಒಂದು ಮುಖ

2019ರಲ್ಲಿ ನಮ್ಮ ದೇಶದ ಎಂ.ಬಿ.ಬಿ.ಎಸ್. ಪಠ್ಯಕ್ರಮ ಹೊಸದಾಯಿತು. ಕಾಲೇಜು ಸೇರಿದವರಿಗೆ ಆರಂಭದಲ್ಲಿ 175 ಗಂಟೆಗಳ ಬುನಾದಿ ಶಿಕ್ಷಣವನ್ನು ಅದರಲ್ಲಿ ಇಡಲಾಯಿತು. ಅದರ 40 ಗಂಟೆಗಳು ಭಾಷೆ ಮತ್ತು ಕಂಪ್ಯೂಟರ್ ಕೌಶಲಗಳಿಗೆ ಒಟ್ಟಾಗಿ ಮೀಸಲಾಗಿದ್ದವು. ಭಾಷೆ ಎಂದರೆ ಇಂಗ್ಲಿಷ್ ಮಾತ್ರವಲ್ಲ, ಆಯಾ ಊರಿನ ರೋಗಿಗಳ ಭಾಷೆಯೂ ಹೌದು. ನಮ್ಮ ಹೌಸ್ ಸರ್ಜನ್ ಹುಡುಗಿಯನ್ನು ಅದರ ಬಗ್ಗೆ ಕೇಳಿದರೆ, "ಆಗಿತ್ತು ಫಾದರ್, ಒಂದಷ್ಟು ಕ್ಲಾಸು. ಉತ್ತರ ಭಾರತದಿಂದ ಬಂದವರಿಗೆ ಕನ್ನಡ, ನಮಗೆ ಎಕ್ಸೆಲ್ಲು. ಆಮೇಲೆ ಅಂಗರಚನೆಯ ಪಾಠ ಶುರುವಾಯಿತು, ಎಲ್ಲಾ ಮರೆತುಹೋಯಿತು" ಎಂದು ನಕ್ಕಳು.

ಕನ್ನಡವನ್ನೂ ಕಂಪ್ಯೂಟರನ್ನೂ ಒಂದೇ ಬುಟ್ಟಿಯಲ್ಲಿ ಹಾಕಿದ್ದು ಕಚೇರಿಯ ಅನುಕೂಲಕ್ಕೇ ಇರಬಹುದು. ನನಗೆ ಮಾತ್ರ ಅದರಲ್ಲಿ ಆಳವಾದ ಅರ್ಥ ಕಾಣುತ್ತದೆ. ಇಂದಿನ ವೈದ್ಯನಿಗೆ ಎರಡು ಭಾಷೆಗಳು ಬರಬೇಕು, ಯಂತ್ರದ್ದೊಂದು, ರೋಗಿಯದೊಂದು. "ಹೊಟ್ಟೆ ತೊಳಸತ್ತೆ", "ಕೈಕಾಲು ಜೋಮು ಹಿಡಿಯತ್ತೆ", "ಎದೆ ಹಿಡ್ಕೊಂಡಂಗಾಗತ್ತೆ" ಎಂಬ ಮಾತುಗಳನ್ನು ಕೇಳಿ, ಅರ್ಥಮಾಡಿಕೊಂಡು, ಯಂತ್ರಕ್ಕೆ ತಪ್ಪಿಲ್ಲದೆ ಹೇಳಬೇಕಾದ ದುಭಾಷಿ ಅವನು. ಎರಡರಲ್ಲಿ ಒಂದು ಬಾರದಿದ್ದರೂ ನಡುವಿನ ಸೇತುವೆ ಮುರಿಯುತ್ತದೆ.

2012ರಲ್ಲಿ ಅಮೆರಿಕದ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಒಂದು ಚಿತ್ರ ಅಚ್ಚಾಯಿತು. ಏಳು ವರ್ಷದ ಬಾಲೆ, ತಾನು ಡಾಕ್ಟರ ಬಳಿಗೆ ಹೋದದ್ದನ್ನು ಬಣ್ಣದ ಕಡ್ಡಿಗಳಿಂದ ಬರೆದಿದ್ದಳು. ತಪಾಸಣೆಯ ಮೇಜಿನ ಮೇಲೆ ತಾನು, ಪಕ್ಕದಲ್ಲಿ ಅಕ್ಕ, ತಾಯಿಯ ಮಡಿಲಲ್ಲಿ ಪುಟ್ಟ ತಂಗಿ. ಡಾಕ್ಟರು ಮಾತ್ರ ಎಲ್ಲರಿಗೂ ಬೆನ್ನು ಮಾಡಿ ಕಂಪ್ಯೂಟರ್ ಒತ್ತುತ್ತಿದ್ದಾರೆ. ಮಗು ಆಕ್ಷೇಪಣೆಯೆಂದು ಬರೆದದ್ದಲ್ಲ. ಕಂಡದ್ದನ್ನು ಬರೆಯಿತು, ಅಷ್ಟೇ. ಆ ಮಗು ಬರೆದ ಚಿತ್ರವನ್ನೇ ನಮ್ಮ ಅಜ್ಜಿ ಬಾಯಿಮಾತಿನಲ್ಲಿ ಹೇಳಿದ್ದರು. ಕೇರಳ ಮೂಲದ, ಮದರಾಸು ವೈದ್ಯಕೀಯ ಕಾಲೇಜಿನಲ್ಲಿ ಓದಿದ ವೈದ್ಯ-ಲೇಖಕ ಅಬ್ರಹಾಂ ವರ್ಗೀಸ್ ಅವರು 2008ರಲ್ಲಿಯೇ ಇದಕ್ಕೊಂದು ಹೆಸರಿಟ್ಟರು: 'ಐ-ಪೇಷಂಟ್'. ಕಂಪ್ಯೂಟರಿನೊಳಗಿನ ಆ ರೋಗಿಗೆ ಬಲು ಚೆನ್ನಾಗಿ ಉಪಚಾರ ನಡೆಯುತ್ತದೆ. ಹಾಸಿಗೆಯ ಮೇಲಿನ ನಿಜವಾದ ರೋಗಿ ಯಾರಾದರೂ ಬಂದಾರೇ ಎಂದು ಕಾಯುತ್ತಿರುತ್ತಾನೆ ಎಂಬುದು ಅವರ ಕೊರಗು.

ಮಾರ್ಕನ ಶುಭಸಂದೇಶದ 10ನೆಯ ಅಧ್ಯಾಯದಲ್ಲಿ ಬಾರ್ತಿಮಾಯನೆಂಬ ಕುರುಡ ಭಿಕ್ಷುಕ ಯೇಸುಸ್ವಾಮಿಯನ್ನು ಕೂಗಿ ಕರೆಯುತ್ತಾನೆ. ಅವನಿಗೆ ಏನು ಬೇಕೆಂಬುದು ನೆರೆದ ಎಲ್ಲರಿಗೂ ಗೊತ್ತು. ಆದರೂ ಯೇಸು ನಿಂತು, ಅವನನ್ನು ಹತ್ತಿರಕ್ಕೆ ಕರೆಸಿ, ತನ್ನಿಂದ ಏನಾಗಬೇಕೆಂದು ಅವನನ್ನೇ ಕೇಳುತ್ತಾರೆ. ದೇವಪುತ್ರನೇ ಕೇಳಿ ತಿಳಿದ ಮೇಲೆ, ಪರದೆಯಲ್ಲಿ ಎಲ್ಲವೂ ಇದೆ ಎಂದು ಕೇಳದೆ ಬಿಡುವುದಕ್ಕೆ ನಾವು ಯಾರು? 2025ರ ಜನವರಿಯಲ್ಲಿ ವ್ಯಾಟಿಕನ್ ಕೃತಕ ಬುದ್ಧಿಮತ್ತೆಯ ಕುರಿತು ಹೊರಡಿಸಿದ 'ಆಂತಿಕ್ವಾ ಎತ್ ನೋವಾ' ಎಂಬ ದಾಖಲೆಯೂ ಇದನ್ನೇ ಹೇಳುತ್ತದೆ. ಯಂತ್ರವು ರೋಗಿ ಮತ್ತು ವೈದ್ಯರ ಸಂಬಂಧಕ್ಕೆ ನೆರವಾಗಲಿ, ಅದರ ಜಾಗವನ್ನು ಕಸಿಯದಿರಲಿ.

ಕಂಪ್ಯೂಟರ್ ಚೆನ್ನಾಗಿ ಬರುವವನಿಗೇ ರೋಗಿಯ ಮುಖ ನೋಡಲು ಬಿಡುವು ಸಿಗುತ್ತದೆ. ಬಾರದವನು ಒಂದೊಂದು ಅಕ್ಷರವನ್ನೂ ಹುಡುಕುತ್ತಾ ಕೂರುತ್ತಾನೆ. ಹಾರ್ಮೋನಿಯಂ ಕಲಿಯುವಾಗ ಕಣ್ಣು ಮನೆಗಳ ಮೇಲಿರುತ್ತದೆ. ಕಲಿತ ಮೇಲೆ ಹಾಡುವವರ ಮುಖದ ಮೇಲಿರುತ್ತದೆ. ಆದ್ದರಿಂದ ಕಲಿಯಬೇಕು, ಚೆನ್ನಾಗಿಯೇ ಕಲಿಯಬೇಕು. ಉಳಿದ ಸಮಯವನ್ನು ರೋಗಿಗೆ ಕೊಡುವುದಕ್ಕಾಗಿ ಕಲಿಯಬೇಕು.

ಮನೆಯವರಿಗೆ ಒಂದು ಮಾತು

ವೈದ್ಯಕೀಯ ಓದುವ ಮಕ್ಕಳಿರುವ ತಂದೆತಾಯಿಗಳೇ, ಮಗನಿಗೋ ಮಗಳಿಗೋ ಲ್ಯಾಪ್‌ಟಾಪ್ ಕೊಡಿಸಿದರೆ ನಿಮ್ಮ ಕರ್ತವ್ಯ ಮುಗಿಯಿತೆಂದು ತಿಳಿಯಬೇಡಿ. ಅವರು ರಜೆಗೆ ಬಂದಾಗ ಅಂಕಗಳನ್ನು ಕೇಳುವ ಹಾಗೆಯೇ ಇದನ್ನೂ ಕೇಳಿ: "ಇವತ್ತು ಒಬ್ಬ ರೋಗಿಯ ಮಾತನ್ನು ಪೂರ್ತಿ ಕೇಳಿದೆಯಾ? ಬರೆದದ್ದನ್ನು ಇನ್ನೊಮ್ಮೆ ಓದಿದೆಯಾ?" ಮನೆಯಲ್ಲಿ ಊಟದ ಹೊತ್ತಿಗೆ ಮೊಬೈಲನ್ನು ಬದಿಗಿಟ್ಟು ಎದುರಿನವರ ಮುಖ ನೋಡಿ ಮಾತನಾಡಲು ಕಲಿಯದ ಮಗುವಿಗೆ, ಮುಂದೆ ವಾರ್ಡಿನಲ್ಲಿ ಅದನ್ನು ಕಲಿಸುವುದು ಯಾವ ಪ್ರಾಧ್ಯಾಪಕರಿಗೂ ಕಷ್ಟ. ಈ ಪಾಠ ಕಾಲೇಜಿಗಿಂತ ಮೊದಲು ನಮ್ಮ ಅಡಿಗೆಮನೆಯಲ್ಲಿ ಆಗಬೇಕು.

ರೋಗಿಗಳಾದ ನಮಗೂ ಕೆಲಸವಿದೆ. ಡಿಸ್ಚಾರ್ಜ್ ಚೀಟಿಯನ್ನು ಹಾಗೆಯೇ ಮಡಿಸಿ ಚೀಲಕ್ಕೆ ಹಾಕಬೇಡಿ. ಓದಬಲ್ಲವರಿಂದ ಓದಿಸಿ. ತಪ್ಪಿದ್ದರೆ ಸಂಕೋಚ ಬಿಟ್ಟು ಹೇಳಿ. ವೈದ್ಯರು ದಣಿದಿರುತ್ತಾರೆ ಎಂಬುದನ್ನೂ ಮರೆಯಬೇಡಿ. ಹತ್ತು ಮಂದಿಯ ಕೆಲಸವನ್ನು ಒಬ್ಬ ಹುಡುಗನ ತಲೆಗೆ ಕಟ್ಟಿ, ಆಮೇಲೆ ಅವನು ಏಕೆ ಕಾಪಿ ಮಾಡಿದ ಎಂದು ಕೇಳುವ ಆಸ್ಪತ್ರೆಗಳೂ ಆ ತಪ್ಪಿನಲ್ಲಿ ಪಾಲುದಾರರೇ.

ಅಜ್ಜಿಯ ಮಗ ಆ ಚೀಟಿಯನ್ನು ತೆಗೆದುಕೊಂಡು ಮೊದಲ ಆಸ್ಪತ್ರೆಗೆ ಹೋದ. ಜಗಳಕ್ಕೆಂದೇ ಹೊರಟಿದ್ದವನನ್ನು ನಾನೇ ಸಮಾಧಾನಪಡಿಸಿ ಕಳುಹಿಸಿದ್ದೆ. ಅಲ್ಲಿ ಅದೇ ಚಿಕ್ಕ ಡಾಕ್ಟರು ಸಿಕ್ಕರು. ಚೀಟಿ ನೋಡಿ ಅವರ ಮುಖ ಬಿಳಿಚಿಕೊಂಡಿತಂತೆ. ಕೂಡಲೇ ಕಂಪ್ಯೂಟರಿನಲ್ಲಿ ಅಜ್ಜಿಯ ದಾಖಲೆ ತೆರೆದು, 'ಪೆನಿಸಿಲಿನ್ ಒಗ್ಗುವುದಿಲ್ಲ' ಎಂದು ಸೇರಿಸಿ, ಹೊಸ ಚೀಟಿ ಅಚ್ಚು ಹಾಕಿಸಿ, ಅದರ ಮೇಲೆ ಕೆಂಪು ಶಾಯಿಯಲ್ಲಿಯೂ ಒಮ್ಮೆ ಬರೆದು ಕೊಟ್ಟರು. "ಅಜ್ಜಿಗೆ ನಾನು ಕೇಳಿದೆ ಎಂದು ಹೇಳಿ" ಎಂದರಂತೆ. ಎಲ್ಲಾ ಸೇರಿ ಐದು ನಿಮಿಷದ ಕೆಲಸ.

ಆ ಐದು ನಿಮಿಷ ಮೊದಲ ದಿನವೇ ಸಿಕ್ಕಿದ್ದರೆ ಎಷ್ಟು ಚೆನ್ನಾಗಿತ್ತು!